ಬಾಣಂತಿ ಕೋಣೆಯ ರಾತ್ರಿಗಳು: ಒಂದು ಮನೆ ತನ್ನ ಮಗಳ ಮನಸ್ಸನ್ನು ನೋಡಿಕೊಂಡ ಬಗೆ

ತಿಪಟೂರು ಸೀಮೆಯ ಒಂದು ತೆಂಗಿನ ತೋಟದ ಮನೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ 26 ವರ್ಷದ ಹೆಣ್ಣುಮಗಳು ಹೆರಿಗೆಯಾದ ಮೂರನೇ ವಾರದಿಂದ ನಿದ್ದೆ ಕಳೆದುಕೊಂಡಳು, ಊಟ ಬಿಟ್ಟಳು, ಕೊನೆಗೆ ತನ್ನ ಮಗುವನ್ನು ಎತ್ತಿಕೊಳ್ಳುವುದಕ್ಕೇ ಹೆದರತೊಡಗಿದಳು. ಅದು ಹೆರಿಗೆ ನಂತರದ ಖಿನ್ನತೆ ಎಂದು ಗೊತ್ತಾಗಿ, ಚಿಕಿತ್ಸೆ ಸಿಕ್ಕಿ, ನಾಲ್ಕೈದು ತಿಂಗಳಲ್ಲಿ ಚೇತರಿಸಿಕೊಂಡಳು. ಇದರಲ್ಲಿ ಮಾತ್ರೆಯ ಪಾಲು ದೊಡ್ಡದೇ. ಮನೆಯವರ ಪಾಲು ಅದಕ್ಕಿಂತ ಕಡಿಮೆಯೇನಲ್ಲ. ಅದರ ಬಗ್ಗೆ ಬರೆದವರು ಕಡಿಮೆ, ಹಾಗಾಗಿ ಈ ಬರಹದಲ್ಲಿ ಅವರ ಮಾತೇ ಹೆಚ್ಚು.

ನಾನು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರ ಜೊತೆ ಬರುವ ತಂಡದಲ್ಲಿ ಸಮಾಜ ಕಾರ್ಯಕರ್ತೆ. ಬರೆಯಲು ಕುಟುಂಬದವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಯಾರ ಹೆಸರನ್ನೂ ಹಾಕಿಲ್ಲ.

ಮನೆ

ಮಗಳು ಬಿಕಾಂ ಓದಿ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು. ಗಂಡನಿಗೆ ಪೀಣ್ಯದಲ್ಲಿ ಕೆಲಸ, ಪಾಳಿಯ ಮೇಲೆ. ಮದುವೆಯಾಗಿ ಮೂರು ವರ್ಷ. ಮೊದಲು ಒಂದು ಸಲ ಮೂರನೇ ತಿಂಗಳಲ್ಲಿ ಗರ್ಭಪಾತವಾಗಿತ್ತು. ಆ ವಿಷಯವನ್ನು ಎರಡೂ ಮನೆಯವರು ಮತ್ತೆ ಎತ್ತಿರಲಿಲ್ಲ, ಎತ್ತದಿದ್ದರೆ ಮರೆತುಹೋಗುತ್ತದೆ ಎಂಬ ನಂಬಿಕೆ. ಈ ಸಲ ಏಳು ತಿಂಗಳು ತುಂಬಿ ಸೀಮಂತ ಮುಗಿಸಿ ತವರಿಗೆ ಕರೆತಂದರು.

ತವರಿನಲ್ಲಿ ತಾಯಿ, ತಾಯಿಯ ಅತ್ತೆಯಾದ ಅಜ್ಜಿ, ಡಿಪ್ಲೊಮಾ ಓದುತ್ತಿರುವ ತಮ್ಮ. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ತೋಟ, ಕೊಬ್ಬರಿ ವ್ಯವಹಾರ, ಬೀಗರ ಸಂಬಂಧ ಎಲ್ಲವೂ ತಾಯಿಯ ಹೆಗಲ ಮೇಲೆ. ಗಂಡ ಇಲ್ಲದ ಮನೆಯಲ್ಲಿ ಮಗಳ ಬಾಣಂತನಕ್ಕೆ ಕೊರತೆಯಾಯಿತು ಎಂದು ಯಾರೂ ಆಡಿಕೊಳ್ಳಬಾರದು ಎಂಬ ಹಟ ಆಕೆಗಿತ್ತು. ಈ ಹಟವನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ಆ ತಾಯಿ ಮುಂದೆ ಮಾಡಿದ ಎಷ್ಟೋ ಕೆಲಸ ಅರ್ಥವಾಗುವುದಿಲ್ಲ.

ಹೆರಿಗೆ ಕಷ್ಟದ್ದಾಯಿತು. ಇಡೀ ದಿನ ನೋವು ತಿಂದ ಮೇಲೆ ತುರ್ತು ಸಿಸೇರಿಯನ್. ಹೆಣ್ಣು ಮಗು. ಹಾಲು ಇಳಿಯುವುದು ತಡವಾಗಿ ಮೊದಲ ದಿನಗಳಲ್ಲಿ ಡಬ್ಬಿ ಹಾಲು ಕೊಡಬೇಕಾಯಿತು. ನೋಡಲು ಬಂದವರ ಬಾಯಲ್ಲಿ ಎರಡೇ ಮಾತು. ಒಂದು, "ಹಾಲು ಸಾಲ್ತಾ ಇಲ್ವಾ?" ಇನ್ನೊಂದು, "ಇರ್ಲಿ ಬಿಡಮ್ಮ, ಮುಂದಿನ ಸಲ ಗಂಡಾಗ್ತೈತೆ." ಎರಡನೆಯದನ್ನು ಅತ್ತೆಯೂ ಫೋನಿನಲ್ಲಿ ಹೇಳಿದ್ದರು, ಸಮಾಧಾನದ ಮಾತು ಎಂದುಕೊಂಡೇ. ಹುಟ್ಟಿದ್ದು ಹೆಣ್ಣೆಂಬ ಅಸಮಾಧಾನಕ್ಕೂ ಬಾಣಂತಿಯ ಖಿನ್ನತೆಗೂ ನಂಟಿದೆ ಎಂದು 2002ರಲ್ಲಿ ಪ್ರಕಟವಾದ ಗೋವಾದ ಅಧ್ಯಯನವೊಂದು ತೋರಿಸಿತ್ತು. ಬಾಣಂತಿಯರ ಜೊತೆ ಕೂತು ಮಾತಾಡುವ ಯಾರಿಗೂ ಅದು ಹೊಸ ಸುದ್ದಿಯಲ್ಲ.

ಕಂಡದ್ದು, ಕಾಣದೇ ಹೋದದ್ದು

ಹೆರಿಗೆಯಾದ ಮೂರು-ನಾಲ್ಕನೇ ದಿನದಿಂದ ಕಾರಣವಿಲ್ಲದೆ ಅಳು ಬರುವುದು, ಸಣ್ಣದಕ್ಕೂ ರೇಗುವುದು ಬಹುಪಾಲು ತಾಯಂದಿರಿಗೆ ಆಗುತ್ತದೆ. ಹಾರ್ಮೋನುಗಳು ಒಮ್ಮೆಲೇ ಇಳಿಯುವ ಹೊತ್ತು ಅದು. ಎರಡು ವಾರದೊಳಗೆ ತಾನಾಗಿಯೇ ತಿಳಿಯಾಗುತ್ತದೆ. ಈಕೆಗೂ ಅತ್ತು ಸಮಾಧಾನವಾಗಿತ್ತು. ಆದ್ದರಿಂದಲೇ ಮೂರನೇ ವಾರದಲ್ಲಿ ಮತ್ತೆ ಶುರುವಾದಾಗ ಮನೆಯವರು "ಅದೇ ಅಳು" ಎಂದುಕೊಂಡು ಸುಮ್ಮನಾದರು.

ಈ ಸಲದ್ದು ಬೇರೆ. ಮಗು ಮಲಗಿದರೂ ಆಕೆಗೆ ನಿದ್ದೆ ಬರುತ್ತಿರಲಿಲ್ಲ. ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರಾಡುತ್ತಿದೆಯೇ ಎಂದು ನೋಡುವುದು, ಮಲಗುವುದು, ಮತ್ತೆ ಎದ್ದು ನೋಡುವುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದೆ ಭಾರ. ಮೆಣಸಿನ ಸಾರು ಅನ್ನ ಕಲಸಿಟ್ಟ ತಟ್ಟೆ ಹಾಗೇ ಆರಿಹೋಗುತ್ತಿತ್ತು. ತಮ್ಮ ತಮಾಷೆ ಮಾಡಿದರೆ ಮುಖ ನೋಡುತ್ತಿದ್ದಳು, ನಗುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ಆಕೆ ಬಚ್ಚಲ ಕಡೆಗೆ ಹೋಗುವುದನ್ನೇ ಬಿಟ್ಟಳು. ಆ ಮನೆಯಲ್ಲಿ ಈಗಲೂ ಹಂಡೆಯೊಲೆ ಇದೆ, ತೆಂಗಿನ ಮಟ್ಟೆ, ಚಿಪ್ಪು ಹಾಕಿ ನೀರು ಕಾಯಿಸುತ್ತಾರೆ. ಅಜ್ಜಿ ಮಗುವಿಗೆ ಎರೆಯುವಾಗ ಆಕೆಯ ಕಣ್ಣ ಮುಂದೆ ಒಂದು ಚಿತ್ರ ಬಂದುಬಿಡುತ್ತಿತ್ತು: ಮಗು ತನ್ನ ಕೈಯಿಂದಲೇ ಜಾರಿ ಕುದಿಯುವ ಹಂಡೆಯೊಳಗೆ ಬಿದ್ದ ಹಾಗೆ. ಬೇಡವೆಂದಷ್ಟೂ ಅದು ಮತ್ತೆ ಮತ್ತೆ ಬರುತ್ತಿತ್ತು. ಇದನ್ನು ಆಕೆ ಯಾರಿಗೂ ಹೇಳಲಿಲ್ಲ. ಇಂಥ ಯೋಚನೆ ಬಂದವಳು ರಾಕ್ಷಸಿಯೇ ಇರಬೇಕು ಎಂದು ತನ್ನಷ್ಟಕ್ಕೆ ತೀರ್ಮಾನಿಸಿ, ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಮನೆಯವರಿಗೆ ಕಂಡದ್ದು ಆ ತಿರುಗಿದ ಬೆನ್ನು ಮಾತ್ರ. "ಮಗೀನೇ ಮುಟ್ಟಲ್ಲ ಅಂತಾಳೆ. ನಾವೇನ್ ಹೆರ್ಲಿಲ್ವಾ, ಸಾಕ್ಲಿಲ್ವಾ?" ಎಂದು ತಾಯಿ. ದೃಷ್ಟಿಯಾಗಿದೆ ಎಂದು ಅಜ್ಜಿ ಮೆಣಸಿನಕಾಯಿ, ಉಪ್ಪು ನಿವಾಳಿಸಿದರು, ಮಠಕ್ಕೆ ಹೋಗಿ ತಾಯತ ಕಟ್ಟಿಸಿಕೊಂಡು ಬಂದರು. ಪಕ್ಕದ ಮನೆಯವರು ಪಿಸುಮಾತಿನಲ್ಲಿ ಬಾಣಂತಿ ಸನ್ನಿ ಎಂದರು. ಆ ಮಾತು ಕಿವಿಗೆ ಬಿದ್ದ ದಿನದಿಂದ ತಾಯಿ ಬಂದುಹೋಗುವವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸತೊಡಗಿದರು.

ಗುರುತಿಸಿದ್ದು ಆಶಾ ಕಾರ್ಯಕರ್ತೆ. ಹೆರಿಗೆಯ ನಂತರ 3, 7, 14, 21, 28, 42ನೇ ದಿನ ಮನೆಗೆ ಬಂದು ತಾಯಿ ಮಗುವನ್ನು ನೋಡಬೇಕೆಂಬ ನಿಯಮವಿದೆ. 42ನೇ ದಿನ ಬಂದವರು, ಆರು ವಾರದ ಲಸಿಕೆ ನೆನಪಿಸಲು ಕೂತರು. ಮಗುವಿನ ತೂಕ ನೋಡಿದರು, ಎಲ್ಲ ಸರಿಯಿತ್ತು. ಎದ್ದು ಹೊರಡುವ ಮುಂಚೆ ತಾಯಂದಿರಿಗೆ ಯಾರೂ ಕೇಳದ ಪ್ರಶ್ನೆಯೊಂದನ್ನು ಕೇಳಿದರು: "ಮಗಾ ಮಲಗ್ದಾಗ ನಿಂಗೆ ನಿದ್ದೆ ಬತ್ತೈತೇನವ್ವ?" ಹುಡುಗಿ ಬಿಕ್ಕಿ ಅತ್ತಳು. ಹಿಮೋಗ್ಲೋಬಿನ್, ಬಿಪಿ, ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಯುವಷ್ಟೇ ಶ್ರದ್ಧೆಯಿಂದ ಈ ಒಂದು ಪ್ರಶ್ನೆ ಕೇಳಿದರೆ ಎಷ್ಟೋ ಮನೆಗಳಲ್ಲಿ ವಾರಗಟ್ಟಲೆ ನರಳಾಟ ತಪ್ಪುತ್ತದೆ.

ಆಸ್ಪತ್ರೆಯಲ್ಲಿ

ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಲಸಿಕೆಯ ನೆಪ ಹೇಳಿ ಆಶಾ ಅವರನ್ನು ಅಲ್ಲಿಗೇ ಕರೆತಂದರು. ತಾಯಿ ಬಂದದ್ದು ಮಗಳಿಗೆ ನಿದ್ದೆ ಮಾತ್ರೆ ಕೊಡಿಸಲು.

ಎಡಿನ್‌ಬರೋ ಪ್ರಶ್ನಾವಳಿ ಎಂಬ ಹತ್ತು ಪ್ರಶ್ನೆಗಳ ಒಂದು ಪಟ್ಟಿಯಿದೆ. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ರೂಪುಗೊಂಡದ್ದು, ಕನ್ನಡದಲ್ಲೂ ಬಳಕೆಯಲ್ಲಿದೆ. ಕಳೆದ ಏಳು ದಿನಗಳಲ್ಲಿ ನಗಲು ಆಯಿತೇ, ಕಾರಣವಿಲ್ಲದೆ ನಿಮ್ಮನ್ನೇ ದೂಷಿಸಿಕೊಂಡಿರಾ, ದಿಗಿಲಾಯಿತೇ, ಹೀಗೆ. ಒಟ್ಟು 30 ಅಂಕ. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಇರಬಹುದೆಂದು ವಿವರವಾಗಿ ನೋಡುತ್ತೇವೆ. ಈಕೆಗೆ 19 ಬಂತು. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂಬ ಹತ್ತನೇ ಪ್ರಶ್ನೆಗೆ ತಡೆದು ತಡೆದು "ಒಂದೊಂದ್ಸಲ" ಅಂದಳು. ನಾನಿಲ್ಲದಿದ್ದರೆ ಮಗು ಚೆನ್ನಾಗಿರುತ್ತದೆ ಎಂದು ಅನ್ನಿಸುತ್ತದಂತೆ.

ಹಂಡೆಯ ಚಿತ್ರದ ಬಗ್ಗೆ ಹೇಳಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ವೈದ್ಯರು ಅದನ್ನು ಬಹಳ ಎಚ್ಚರದಿಂದ ವಿಚಾರಿಸಿದರು, ಏಕೆಂದರೆ ಇಲ್ಲಿ ಎರಡು ದಾರಿಗಳಿವೆ. ಮಗುವಿಗೆ ಏನೋ ಆಗಿಬಿಡುತ್ತದೆ, ನನ್ನಿಂದಲೇ ಆಗಿಬಿಡುತ್ತದೆ ಎಂಬ ಬೇಡದ ಯೋಚನೆಗಳು ಹೊಸ ತಾಯಂದಿರಲ್ಲಿ ಬಹಳ ಸಾಮಾನ್ಯ. ತಾಯಿ ಅದಕ್ಕೆ ಹೆದರುತ್ತಾಳೆ, ಮಗುವನ್ನು ಅದರಿಂದ ಕಾಪಾಡಲು ದೂರ ಸರಿಯುತ್ತಾಳೆ. ಈಕೆಯದು ಅದು. ಇನ್ನೊಂದು, ಊರಲ್ಲಿ ಬಾಣಂತಿ ಸನ್ನಿ ಎನ್ನುವ ತೀವ್ರ ಸ್ಥಿತಿ. ಸಾವಿರ ಹೆರಿಗೆಗೆ ಒಂದೋ ಎರಡೋ ಕಾಣುವಂಥದ್ದು, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ. ಎರಡು ಮೂರು ದಿನ ನಿದ್ದೆಯೇ ಇಲ್ಲದೆ ಓಡಾಡುವುದು, ಸಂಬಂಧವಿಲ್ಲದ ಮಾತು, ಯಾರೋ ಮಾತಾಡುವುದು ಕೇಳಿಸುವುದು, ಮಗು ದೇವರೆಂದೋ ದೆವ್ವವೆಂದೋ ನಂಬಿಬಿಡುವುದು. ಅಲ್ಲಿ ತಾಯಿಗೆ ತನ್ನ ಯೋಚನೆಯ ಮೇಲೆ ಅನುಮಾನವೇ ಇರುವುದಿಲ್ಲ. ಅದು ಅಂದೇ, ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಬೇಕಾದ ತುರ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ದಾಖಲು ಮಾಡಿಕೊಳ್ಳುವ ವಿಭಾಗವಿದೆ. ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಕೂಡದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಹೇಳುತ್ತದೆ. ಆಸ್ಪತ್ರೆಗೆ ಸೇರಿಸಿದರೆ ಮಗು ಕಿತ್ತುಕೊಳ್ಳುತ್ತಾರೆ ಎಂಬ ಭಯದಲ್ಲಿ ತಡಮಾಡುವ ಮನೆಗಳಿಗೆ ಇದು ಗೊತ್ತಿರಬೇಕು.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 8.6. ಪಥ್ಯದ ಹೆಸರಿನಲ್ಲಿ ಸೊಪ್ಪು ನಿಲ್ಲಿಸಿದ್ದರು, ನೀರನ್ನೂ ಅಳೆದು ಕೊಡುತ್ತಿದ್ದರು. ಕಬ್ಬಿಣಾಂಶದ ಮಾತ್ರೆ, ಜೊತೆಗೆ ಖಿನ್ನತೆಗೆ ಕೊಡುವ ಸರ್ಟ್ರಲೀನ್ 25 ಮಿಲಿಗ್ರಾಂ, ವಾರದ ನಂತರ 50. ಎದೆಹಾಲು ಕುಡಿಸುವ ತಾಯಂದಿರಿಗೆ ವೈದ್ಯರು ಹೆಚ್ಚಾಗಿ ಆರಿಸಿಕೊಳ್ಳುವ ಔಷಧಿ ಇದು, ಹಾಲಿನಲ್ಲಿ ಸೇರುವ ಪ್ರಮಾಣ ತೀರಾ ಕಡಿಮೆ. ಹಾಲು ನಿಲ್ಲಿಸುವುದು ಬೇಡವೆಂದರು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ದಿನಗಳಲ್ಲಿ ಕಳವಳ ಸ್ವಲ್ಪ ಹೆಚ್ಚಬಹುದು ಎಂದೂ ಹೇಳಿ ಕಳಿಸಿದರು. ಔಷಧಿ, ಪ್ರಮಾಣ ಎರಡೂ ಆಯಾ ತಾಯಿಯನ್ನು ನೋಡಿ ವೈದ್ಯರು ನಿರ್ಧರಿಸುವಂಥದ್ದು. ಈ ಬರಹ ಓದಿ ಯಾರೂ ಅಂಗಡಿಗೆ ಹೋಗಬಾರದು.

ವೈದ್ಯರು ಇನ್ನೊಂದು ಬರೆದುಕೊಟ್ಟರು: ರಾತ್ರಿ ಐದು ಗಂಟೆ ಬಿಡುವಿಲ್ಲದ ನಿದ್ದೆ. ಅದು ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ. ನಮ್ಮ ಕೆಲಸ ಶುರುವಾದದ್ದು ಅಲ್ಲಿಂದ.

ರಾತ್ರಿ ಹಂಚಿಕೊಂಡದ್ದು

ಮನೆಗೆ ಹೋಗಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿದೆ. ಮನೋರೋಗದ ಚಿಕಿತ್ಸೆಯಲ್ಲಿ ಮನೆಯವರನ್ನು ಸೇರಿಸಿಕೊಳ್ಳುವುದು ನಮ್ಮ ದೇಶದಲ್ಲಿ ಹಳೆಯ ಪದ್ಧತಿ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಅವರ ಮನೆಯವರನ್ನೂ ಇರಿಸಿಕೊಂಡಿದ್ದರು. ಬಾಣಂತನದ ಮನೆಯಲ್ಲಿ ಡೇರೆಯ ಅಗತ್ಯವೂ ಇಲ್ಲ. ಹೆತ್ತವಳಿಗೆ ಎಣ್ಣೆ ನೀರು, ಬಿಸಿ ಊಟ, ಕೆಲಸದಿಂದ ಬಿಡುಗಡೆ, ಸುತ್ತ ನಾಲ್ಕು ಜನ. ಇಷ್ಟು ವ್ಯವಸ್ಥೆ ಯಾವ ಆಸ್ಪತ್ರೆಯೂ ಕೊಡಲಾರದು. ಕೊರತೆ ಇದ್ದದ್ದು ಒಂದೇ, ಆ ನಾಲ್ಕೂ ಜನರ ಗಮನ ಮಗುವಿನ ಮೇಲೆ ಮತ್ತು ತಾಯಿಯ ಮೈ ಮೇಲೆ ಇತ್ತು. ರಾತ್ರಿಯಾದ ಮೇಲೆ ಆಕೆ ಒಬ್ಬಳೇ. ಜೊತೆಗೆ ಮಲಗುತ್ತಿದ್ದ ಅಜ್ಜಿಗೆ ಕಿವಿ ಮಂದ. ಪ್ರತಿ ಎರಡು ಗಂಟೆಗೊಮ್ಮೆ ಏಳುವ ಮಗು, ಕಿಟಕಿ ಮುಚ್ಚಿದ ಕೋಣೆ, ಸಾಂಬ್ರಾಣಿ ಹೊಗೆ, ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಮಗುವಿನ ಉಸಿರಿನ ಬಗ್ಗೆ ಹುಡುಕಾಟ.

ಹೊಸ ಏರ್ಪಾಡು ಹೀಗಾಯಿತು. ರಾತ್ರಿ 9ಕ್ಕೆ ಮಗಳು ಹಾಲು ಕುಡಿಸಿ, ಒಂದಿಷ್ಟು ಹಾಲು ಹಿಂಡಿ ಶುದ್ಧವಾದ ಬಟ್ಟಲಲ್ಲಿ ಮುಚ್ಚಿಟ್ಟು, ಮನೆಯ ಆ ತುದಿಯ ಕೋಣೆಯಲ್ಲಿ ಮಲಗುವುದು. ಮಗು ಮಲಗುವುದು ಮಗಳ ತಾಯಿಯ ಪಕ್ಕ. ಹನ್ನೆರಡರ ಹೊತ್ತಿಗೆ ಮಗು ಎದ್ದರೆ ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸುವುದು. ಅಟ್ಟದ ಮೇಲೆ ತಮ್ಮ ಹುಟ್ಟಿದಾಗಿನ ಬೆಳ್ಳಿ ಒಳಲೆ ಇತ್ತು, ಅಜ್ಜಿ ಇಳಿಸಿಕೊಟ್ಟರು, ದಿನಾ ಕುದಿಸಿ ಬಳಸಲು ಹೇಳಿದೆವು. ಎರಡು ಗಂಟೆಗೆ ಮಗಳನ್ನು ಎಬ್ಬಿಸುವುದು. ಅಜ್ಜಿ ಹೇಗೂ ನಾಲ್ಕೂವರೆಗೆ ಏಳುವವರು, ಅಲ್ಲಿಂದ ಏಳರವರೆಗೆ ಮಗು ಅವರ ಮಡಿಲಲ್ಲಿ.

ಮೊದಲ ಎರಡು ರಾತ್ರಿ ಇದು ನಡೆಯಲಿಲ್ಲ. ಮಗಳು ಗೋಡೆಗೆ ಕಿವಿ ಕೊಟ್ಟು ಮಲಗಿದ್ದಳು, ಮಗು ಮಿಸುಕಿದರೆ ಓಡಿ ಬರುತ್ತಿದ್ದಳು. ತಮ್ಮ ಸದ್ದು ಮಾಡುವ ಹಳೆಯ ಟೇಬಲ್ ಫ್ಯಾನು ತಂದು ಆ ಕೋಣೆಯಲ್ಲಿಟ್ಟ. ತಾಯಿ ಮಗಳ ಮೊಬೈಲನ್ನು ತಾವು ತೆಗೆದುಕೊಂಡು, "ಏನಾದ್ರೂ ಆದ್ರೆ ನಾನೇ ಬಂದು ಎಬ್ಬಿಸ್ತೀನಿ, ನನ್ ಮೇಲೆ ನಂಬ್ಕೆ ಇಲ್ವಾ ನಿಂಗೆ?" ಅಂದರು. ಮೂರನೇ ರಾತ್ರಿ ನಾಲ್ಕು ಗಂಟೆ ಮಲಗಿದಳು. ವಾರ ಕಳೆಯುವುದರೊಳಗೆ ಬೆಳಿಗ್ಗೆ ತಿಂಡಿ ಕೇಳಿದಳು. ಮಾತ್ರೆಯ ಗುಣ ಇನ್ನೂ ಶುರುವಾಗುವ ಹೊತ್ತಲ್ಲ ಅದು, ನಿದ್ದೆಯದೇ ಗುಣ.

ಪಥ್ಯದ ವಿಷಯದಲ್ಲಿ ಜಗಳ ಆಡಲು ನಾನು ಹೋಗಲಿಲ್ಲ. ಬೆಳ್ಳುಳ್ಳಿ, ಮೆಣಸಿನ ಸಾರು, ಅಂಟಿನುಂಡೆ ಎಲ್ಲ ಇರಲಿ, ಜೊತೆಗೆ ನುಗ್ಗೆಸೊಪ್ಪು, ಹೆಸರುಕಾಳು, ಬಾಯಾರಿದಷ್ಟು ಕಾಯಿಸಿ ಆರಿಸಿದ ನೀರು ಸೇರಲಿ ಎಂದೆ. ಅಜ್ಜಿ ಒಪ್ಪಿದರು. ಹೊರಗೆ ಕಾಲಿಡಬಾರದು ಎಂಬ ಕಟ್ಟಳೆಗೂ ಹಾಗೇ ಒಂದು ದಾರಿ ಸಿಕ್ಕಿತು. ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಕಾಲಿಗೆ ಚಪ್ಪಲಿ, ಸಂಜೆ ಇಳಿಬಿಸಿಲಲ್ಲಿ ತಮ್ಮನ ಜೊತೆ ತೋಟದೊಳಗೇ ಒಂದು ಸುತ್ತು.

ಇನ್ನೊಂದು ಕೆಲಸ ಯಾವ ಚೌಕಾಸಿಯೂ ಇಲ್ಲದೆ ಅಂದೇ ಆಗಬೇಕಿತ್ತು. ತೋಟದ ಮನೆಯೆಂದ ಮೇಲೆ ಕೀಟನಾಶಕ ಇದ್ದೇ ಇರುತ್ತದೆ. ಅದನ್ನು ಮನೆಯಿಂದ ತೆಗೆಸಿ ಪಂಪ್‌ಸೆಟ್ ಕೋಣೆಯಲ್ಲಿಟ್ಟು ಬೀಗ ಹಾಕಿಸಿದೆವು, ಬೀಗದ ಕೈ ತಮ್ಮನ ಬಳಿ. ಮಾತ್ರೆಗಳು ತಾಯಿಯ ಬಳಿ. ಆಕೆಯನ್ನು ಒಬ್ಬಳನ್ನೇ ಬಿಟ್ಟು ಎಲ್ಲರೂ ಹೊರಗೆ ಹೋಗುವುದಿಲ್ಲ. ಸಾಯುವ ಯೋಚನೆ ಬಂತಾ ಎಂದು ಕೇಳಿದರೆ ಇಲ್ಲದ್ದನ್ನು ನೆನಪಿಸಿದಂತೆ ಆಗುತ್ತದೆಯೇ ಎಂದು ತಾಯಿ ಹೆದರಿದ್ದರು. ಆಗುವುದಿಲ್ಲ. ಕೇಳಿದರೆ ಹೇಳಿಕೊಳ್ಳಲು ಜಾಗ ಸಿಗುತ್ತದೆ. "ಇವತ್ತು ಆ ಯೋಚನೆ ಬಂತೇನವ್ವ?" ಎಂದು ಮಲಗುವ ಮುಂಚೆ ಒಂದು ಸಲ ಕೇಳಿ, ಉತ್ತರ ಏನೇ ಬಂದರೂ ಬೈಯದೆ ಕೇಳಿಸಿಕೊಳ್ಳಿ ಎಂದು ಹೇಳಿಕೊಟ್ಟೆ. ಹೊತ್ತಲ್ಲದ ಹೊತ್ತಿನಲ್ಲಿ ಬೇಕಾದರೆ ಇರಲಿ ಎಂದು ಟೆಲಿ ಮಾನಸ್ ಸಂಖ್ಯೆ 14416 ಅನ್ನು ಕ್ಯಾಲೆಂಡರಿನ ಮೇಲೆ ತಮ್ಮ ದಪ್ಪಕ್ಷರದಲ್ಲಿ ಬರೆದ. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸಹಾಯವಾಣಿಯಲ್ಲಿ ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಬಚ್ಚಲು

ಹಂಡೆಯ ಭಯವನ್ನು ಮಾತಿನಿಂದ ಓಡಿಸಲು ಆಗುವುದಿಲ್ಲ. "ಏನೂ ಆಗಲ್ಲ ತಾನೇ ಅಮ್ಮ?" ಎಂದು ಮಗಳು ಕೇಳುತ್ತಿದ್ದಳು, "ಏನೂ ಆಗಲ್ಲ ಕಣೇ" ಎಂದು ತಾಯಿ ಹೇಳುತ್ತಿದ್ದರು, ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಪ್ರತಿ ಉತ್ತರವೂ ಇನ್ನೊಂದು ಪ್ರಶ್ನೆಯನ್ನು ಹುಟ್ಟಿಸುತ್ತಿತ್ತು. ಒಂದು ಸಲ ಉತ್ತರಿಸಿ, ಆಮೇಲೆ "ಅದು ಕಾಯಿಲೆ ಕೇಳಿಸ್ತಿರೋ ಪ್ರಶ್ನೆ, ಬಾ ಹೂ ಕಟ್ಟೋಣ" ಎಂದು ಕೈಗೆ ಕೆಲಸ ಕೊಡಿ ಎಂದು ಹೇಳಿದೆವು. ತಾಯಿಗೆ ಇದು ಬಹಳ ಕಷ್ಟವಾಯಿತು. ಮಗಳು ಕೇಳುವಾಗ ಉತ್ತರ ಕೊಡದೆ ಇರುವುದು ಕಲ್ಲುಮನಸ್ಸಿನ ಕೆಲಸ ಎಂದು ಒಂದು ದಿನ ನನ್ನ ಮುಂದೆ ಅತ್ತರು.

ಬಚ್ಚಲಿಗೆ ಮರಳಿ ಕರೆತಂದದ್ದು ಅಜ್ಜಿ. ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು ಎಂದು ನಾವು ಹೇಳಿದ್ದು ಅಷ್ಟೇ, ಮೆಟ್ಟಿಲುಗಳನ್ನು ಕಟ್ಟಿದ್ದು ಅವರು. ಮೊದಲು ಹಂಡೆಯ ನೀರನ್ನು ಬಕೆಟ್ಟಿಗೆ ತೋಡಿ ಹದ ಮಾಡಿ, ಹಂಡೆಗೆ ತಟ್ಟೆ ಮುಚ್ಚಿಬಿಡುವುದು. ಮಗಳು ಟವಲು ಹಿಡಿದು ಹೊಸ್ತಿಲ ಹೊರಗೆ ಕೂರುವುದು. ಕೆಲವು ದಿನಗಳ ಮೇಲೆ ಹೊಸ್ತಿಲ ಒಳಗೆ. ಆಮೇಲೆ ಎಣ್ಣೆ ಹಚ್ಚುವುದು ಆಕೆಯ ಪಾಲು, ನೀರು ಅಜ್ಜಿಯದು. ಅಜ್ಜಿ ಮಣೆಯ ಮೇಲೆ ಕಾಲು ನೀಡಿ ಕೂತು ಮೊಣಕಾಲ ಕೆಳಗೆ ಮಗುವನ್ನು ಬೋರಲು ಮಲಗಿಸಿಕೊಂಡು, "ನೀನು ಬೆನ್ನ ಮೇಲೆ ಕೈ ಇಟ್ಕೊಂಡಿರು ಸಾಕು" ಎನ್ನುತ್ತಿದ್ದರು. ಆಕೆಯ ಕೈ ನಡುಗಿದರೆ ಏನೂ ಅನ್ನುತ್ತಿರಲಿಲ್ಲ, ಚೆಂಬನ್ನು ನಿಲ್ಲಿಸಿ ಕಾಯುತ್ತಿದ್ದರು. ನಡುಕ ತಾನಾಗಿ ಇಳಿದ ಮೇಲೆ ಮುಂದಿನ ಚೆಂಬು. ಭಯ ಏರಿ, ತಾನಾಗಿ ಇಳಿಯುವವರೆಗೆ ಅಲ್ಲೇ ಇರಗೊಡುವುದು ನಮ್ಮ ತರಬೇತಿಯಲ್ಲಿ ಕಲಿಸುವ ಚಿಕಿತ್ಸೆ. ಅಜ್ಜಿಗೆ ಅದು ಹೇಳಿಕೊಡಬೇಕಾದ ವಿದ್ಯೆ ಅನ್ನಿಸಲೇ ಇಲ್ಲ. ತಾಯತ ಕಟ್ಟಿಸಿದ್ದ ಅದೇ ಅಜ್ಜಿ. ತಾಯತ ತೆಗೆಸಿ ಎಂದು ನಾವು ಯಾರೂ ಹೇಳಲಿಲ್ಲ, ಅದು ಆಕೆಯ ತೋಳಲ್ಲಿ ಕೊನೆಯವರೆಗೂ ಇತ್ತು.

ಮಾತು

1950ರ ದಶಕದ ಕೊನೆಯಿಂದ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ ಮತ್ತು ಸಂಗಡಿಗರು ಮಾನಸಿಕ ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಗಳನ್ನು ಗಮನಿಸುತ್ತಾ ಹೋದರು. ಟೀಕೆ, ಹಗೆತನ, ಅತಿಯಾದ ಕಾಳಜಿ ಹೆಚ್ಚಿರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದೂ ಹೆಚ್ಚು ಎಂದು ಅವರಿಗೆ ಕಂಡಿತು. 1980ರ ದಶಕದಲ್ಲಿ ಚಂಡೀಗಢದ ಮನೆಗಳನ್ನು ಅದೇ ಅಳತೆಯಲ್ಲಿ ನೋಡಿದಾಗ ಲಂಡನ್ನಿಗಿಂತ ಟೀಕೆ ಕಡಿಮೆಯೇ ಇತ್ತು. ನಮ್ಮ ಮನೆಗಳಿಗೆ ಆ ಶಕ್ತಿ ಇದೆ, ಆದರೆ ಬಾಣಂತಿ ಕೋಣೆಯ ಹೊರಗೆ ನಿಂತು ಆಡುವ ಮಾತು ಒಳಗೆ ಕೇಳಿಸುತ್ತದೆ.

ಈ ಮನೆಯಲ್ಲಿ ಬಿಟ್ಟ ಮಾತುಗಳು ಹೀಗಿವೆ: ನಾವೇನು ಹೆರಲಿಲ್ಲವೇ. ಧೈರ್ಯ ತಂದುಕೋ. ಇಂಥ ಮಗು ಇಟ್ಟುಕೊಂಡು ಯಾಕೆ ಅಳುತ್ತೀಯ. ಕೊನೆಯದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಕೇಳಿದವಳಿಗೆ, ಅಳುವುದಕ್ಕೂ ತನಗೆ ಹಕ್ಕಿಲ್ಲ ಎಂದು ಅನ್ನಿಸುತ್ತದೆ.

ಗಂಡನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಒಳ್ಳೆಯ ಹುಡುಗ. ದಿನಾ ರಾತ್ರಿ ವಿಡಿಯೊ ಕರೆ ಮಾಡುತ್ತಿದ್ದ, ಫೋನನ್ನು ಮಗುವಿನ ಮುಖದ ಮುಂದೆ ಹಿಡಿಯುತ್ತಿದ್ದರು, ಕರೆ ಮುಗಿಯುತ್ತಿತ್ತು. ಹೆಂಡತಿಯನ್ನು ಕೇಳುತ್ತಿದ್ದದ್ದು "ಪಾಪು ಹಾಲು ಕುಡೀತಾ?" ಒಂದೇ. ಆತನನ್ನು ಕರೆಸಿ ಮಾತಾಡಿದಾಗ ಹೇಳಿದ: "ಅವ್ಳನ್ನ ಏನಾದ್ರೂ ಕೇಳಿದ್ರೆ ಅಳ್ತಾಳೆ ಮೇಡಂ. ಅಳಿಸಬಾರ್ದು ಅಂತ ಕೇಳೋದೇ ಬಿಟ್ಟೆ." ಅಳಲಿ ಬಿಡಿ, ಅಳುವಾಗ ಫೋನ್ ಇಡಬೇಡಿ, ಏನೂ ಹೇಳದಿದ್ದರೂ ಪರವಾಗಿಲ್ಲ ಎಂದೆ. "ಖುಷಿಯಾಗಿರು" ಎಂಬ ಮಾತಿಗೆ ಉತ್ತರ ಕೊಡಲು ಆಗುವುದಿಲ್ಲ. ಮಧ್ಯಾಹ್ನ ಎಷ್ಟು ಹೊತ್ತು ಮಲಗಿದ್ದೆ, ಊಟ ಸೇರಿತಾ, ತೋಟಕ್ಕೆ ಹೋಗಿದ್ದೆಯಾ, ಇಂಥವಕ್ಕೆ ಆಗುತ್ತದೆ. ಶನಿವಾರ ಪಾಳಿ ಮುಗಿಸಿ ರೈಲು ಹತ್ತಿ ಬಂದು, ಆ ರಾತ್ರಿ ಮಗುವಿನ ಜವಾಬ್ದಾರಿಯನ್ನು ಹುಡುಗಿಯ ತಾಯಿಯ ಬದಲು ತಾನೇ ವಹಿಸಿಕೊಳ್ಳತೊಡಗಿದ. ಅಳಿಯ ಒಳಲೆ ಹಿಡಿದು ಕೂರುವುದನ್ನು ನೋಡಿ ಅಜ್ಜಿಗೆ ಮೊದಲು ಸಂಕೋಚವಾಯಿತಂತೆ. ಹುಡುಗಿಯ ತಾಯಿಗೆ ಮಾತ್ರ ವಾರಕ್ಕೊಂದು ರಾತ್ರಿ ಪೂರ್ತಿ ನಿದ್ದೆ ಸಿಕ್ಕಿತು. ನೋಡಿಕೊಳ್ಳುವವರೂ ಮನುಷ್ಯರೇ. ಆ ಹೊತ್ತಿಗೆ ತಾಯಿಯ ಬಿಪಿ ಏರಿತ್ತು, ಆಸ್ಪತ್ರೆಗೆ ಮಗಳ ಜೊತೆ ಬಂದಾಗ ಅವರಿಗೂ ಚೀಟಿ ಮಾಡಿಸಿದೆವು.

ಯಾರಿಗೆ ಹೇಳುವುದು

ತಾಯಿಯ ದೊಡ್ಡ ಭಯ ಇದೇ ಆಗಿತ್ತು. "ಬೀಗರಿಗೆ ಗೊತ್ತಾದ್ರೆ ಹುಚ್ಚು ಅಂತಾರೆ. ನಾಳೆ ನನ್ ಮಗಳ ಬಾಳು ಏನಾಗ್ಬೇಕು?" ಈ ಭಯವನ್ನು ಅಜ್ಞಾನ ಎಂದು ತಳ್ಳಿಹಾಕುವವರು ಇಂಥ ಮನೆಗಳಲ್ಲಿ ಕೂತು ಮಾತಾಡಿದವರಲ್ಲ. ಅದಕ್ಕೆ ಆಧಾರವಿದೆ, ಅಂಥ ಮಾತಿನಿಂದ ಮುರಿದ ಸಂಸಾರಗಳನ್ನು ನೋಡಿದ್ದೇನೆ. ಆದರೆ ಮುಚ್ಚಿಟ್ಟರೆ ಮಗಳು ಗಂಡನ ಮನೆಗೆ ಹೋದ ಮೇಲೆ ಮಾತ್ರೆಯನ್ನು ಎಲ್ಲಿ ಬಚ್ಚಿಡಬೇಕು, ಮಂಗಳವಾರ ಏನು ನೆಪ ಹೇಳಬೇಕು?

ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಎಂಬುದು ಮಗಳ ತೀರ್ಮಾನ ಎಂದು ನಾವು ಹೇಳಿದೆವು. ಚಿಕಿತ್ಸೆಯ ವಿಷಯ ಗೋಪ್ಯವಾಗಿರುವುದು ಕಾಯ್ದೆಯ ಪ್ರಕಾರ ಆಕೆಯ ಹಕ್ಕು ಕೂಡ. ಆಕೆ ಮೊದಲು ಹೇಳಿದ್ದು ನಾದಿನಿಗೆ. ಆಕೆಗೂ ಎರಡು ಮಕ್ಕಳು. ನಾದಿನಿ ತನ್ನ ತಾಯಿಗೆ ಅರ್ಧ ಹೇಳಿದಳು, ಉಳಿದರ್ಧವನ್ನು ಗಂಡ ಹೇಳಿದ: ಹೆರಿಗೆ ಆದಮೇಲೆ ಬರುವ ಕಾಯಿಲೆ, ನಮ್ಮ ದೇಶದಲ್ಲಿ ಸುಮಾರು ಐದರಲ್ಲಿ ಒಬ್ಬ ತಾಯಿಗೆ ಬರುತ್ತದೆ, ಮಾತ್ರೆಯಿಂದ ಗುಣವಾಗುತ್ತದೆ. ಸಮುದಾಯ ಭವನದಲ್ಲಿ ಮುನ್ನೂರು ಜನಕ್ಕೆ ಊಟ ಹಾಕಿಸಿ ಮಾಡಬೇಕೆಂದಿದ್ದ ನಾಮಕರಣವನ್ನು ಮನೆಯಲ್ಲೇ, ಇಪ್ಪತ್ತೈದು ಜನರ ಮುಂದೆ ಮಾಡೋಣ ಎಂದೂ ಅವನೇ ಹೇಳಿದ. ಅತ್ತೆ ಮುನಿಸಿಕೊಂಡರು. ಆದರೂ ತೊಟ್ಟಿಲು ಅವರೇ ತಂದರು.

ನಡುವೆ ಒಂದು ಎಡವಟ್ಟು

ಚಿಕಿತ್ಸೆ ಶುರುವಾದ ನಾಲ್ಕನೇ ವಾರದ ಹೊತ್ತಿಗೆ ಮಗಳು ನಗತೊಡಗಿದ್ದಳು. ಆಗ ನೆಂಟರೊಬ್ಬರು, ಆ ಮಾತ್ರೆ ಹಾಲಿನಲ್ಲಿ ಇಳಿದು ಮಗುವಿನ ಮಿದುಳು ಮಂಕಾಗುತ್ತದೆ ಎಂದು ತಾಯಿಗೆ ಹೇಳಿದರು. ತಾಯಿ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದರು. ನಾಲ್ಕೈದು ದಿನದಲ್ಲಿ ತಲೆಸುತ್ತು, ಕಳವಳ, ಮತ್ತೆ ಅಳು. ತಾಯಿಯೇ ಗಾಬರಿಯಾಗಿ ಆಸ್ಪತ್ರೆಗೆ ಬಂದು ಎಲ್ಲ ಹೇಳಿದರು. ವೈದ್ಯರು ಒಂದು ಮಾತೂ ಗದರಲಿಲ್ಲ. ಮಗುವಿನ ತೂಕ, ಚಟುವಟಿಕೆ ನೋಡಿ, ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿರುವುದನ್ನು ಕಾರ್ಡಿನಲ್ಲೇ ತೋರಿಸಿದರು. ಗದರಿದ್ದರೆ ಆ ತಾಯಿ ಮುಂದಿನ ಸಲ ಸುಳ್ಳು ಹೇಳುತ್ತಿದ್ದರು, ಸಂಶಯವಿಲ್ಲ.

ಮಾತ್ರೆ ಮತ್ತೆ ಶುರುವಾಯಿತು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗ ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು ಎಂಬುದನ್ನು ಈ ಸಲ ಎಲ್ಲರ ಎದುರಿಗೆ ಹೇಳಿದೆವು. ಸಾಯುವ ಯೋಚನೆ ನಿಂತು ವಾರಗಳಾಗಿದ್ದರಿಂದ ಮಾತ್ರೆಗಳ ಡಬ್ಬಿ ತಾಯಿಯಿಂದ ಮಗಳ ಕೈಗೆ ಬಂತು. ಹನ್ನೆರಡನೇ ವಾರದಲ್ಲಿ ಪ್ರಶ್ನಾವಳಿಯ ಅಂಕ 6. ಹತ್ತನೇ ಪ್ರಶ್ನೆಗೆ ಸೊನ್ನೆ.

ಬೆಂಗಳೂರಿಗೆ ಹೊರಟ ಮೇಲೆ

ಹೆರಿಗೆ ರಜೆಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಮೇಲೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳಸಹಿತ ರಜೆ ಇದೆ. ರಜೆ ಮುಗಿಯುವುದು, ತವರು ಬಿಡುವುದು, ಕೆಲಸಕ್ಕೆ ಮರಳುವುದು ಮೂರೂ ಒಂದೇ ತಿಂಗಳಲ್ಲಿ ಬಂದವು. ಗುಣವಾಗಿದ್ದವರು ಮತ್ತೆ ಕುಸಿಯುವುದನ್ನು ನಾನು ಹೆಚ್ಚಾಗಿ ನೋಡಿರುವುದು ಇಲ್ಲೇ. ತವರಿನಲ್ಲಿ ನಾಲ್ಕು ಜನ ಹಂಚಿಕೊಂಡದ್ದು ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಒಬ್ಬಳ ತಲೆಗೆ ಬರುತ್ತದೆ. ಹಾಗಾಗಿ ಹೊರಡುವ ಮುಂಚೆ ಗಂಡ, ಅತ್ತೆ, ತಾಯಿ, ಮಗಳು ನಾಲ್ವರನ್ನೂ ಕೂರಿಸಿ ರಾತ್ರಿಯ ಪಾಳಿಯನ್ನು ಮತ್ತೆ ಹೊಸದಾಗಿ ಬರೆದೆವು. ಗಂಡ ಮೂರು ತಿಂಗಳು ಹಗಲು ಪಾಳಿ ಕೇಳಿ ತೆಗೆದುಕೊಂಡ. ಅತ್ತೆ ಮಗುವನ್ನು ನೋಡಿಕೊಳ್ಳಲು ಬೆಂಗಳೂರಿಗೆ ಬಂದು ಇರಲು ಒಪ್ಪಿದರು.

ಅತ್ತೆ ಪೂರ್ತಿ ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಈಗಿನ ಹುಡುಗಿಯರಿಗೆ ಸಹನೆ ಇಲ್ಲ ಎಂದು ಈಗಲೂ ಅನ್ನುತ್ತಾರಂತೆ. ಆದರೆ ಬೆಳಗಿನ ಜಾವ ಮಗು ಎದ್ದರೆ ಎತ್ತಿಕೊಳ್ಳುವುದೂ ಅವರೇ, ಮಾತ್ರೆ ತೊಗೊಂಡ್ಯಾ ಎಂದು ಸೊಸೆಯನ್ನು ಕೇಳುವುದೂ ಅವರೇ.

ಮಗುವಿಗೆ ವರ್ಷ ತುಂಬುವ ಹೊತ್ತಿಗೆ ವೈದ್ಯರು ಮಾತ್ರೆಯನ್ನು ಇಳಿಸುತ್ತಾ ಬಂದು ನಿಲ್ಲಿಸಿದರು. ಒಮ್ಮೆ ಹೀಗಾದವರಿಗೆ ಮುಂದಿನ ಹೆರಿಗೆಯ ನಂತರವೂ ಆಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಎರಡನೇ ಮಗುವಿನ ಯೋಚನೆ ಇದ್ದರೆ ಬಸಿರಾಗುವ ಮುಂಚೆಯೇ ಬಂದು ಕಾಣಿ, ಹೆರಿಗೆ ಮಾಡಿಸುವ ವೈದ್ಯರಿಗೂ ಈ ವಿಷಯ ಮೊದಲೇ ತಿಳಿಸಿ, ಮೊದಲ ವಾರದಿಂದಲೇ ರಾತ್ರಿಯ ಪಾಳಿ ಹಂಚಿಕೊಳ್ಳಿ ಎಂದು ಹೇಳಿದರು. ಗಂಡ ಅಷ್ಟನ್ನೂ ಫೋನಿನಲ್ಲಿ ಬರೆದುಕೊಂಡ. ಸದ್ಯಕ್ಕೆ ಆ ಯೋಚನೆ ಇಲ್ಲ ಎಂದು ಆಕೆ ಹೇಳಿದಳು. ಜೊತೆಗೆ ಬಂದಿದ್ದ ಅತ್ತೆ ಅದಕ್ಕೆ ಎದುರಾಡಲಿಲ್ಲ.